ಹಾವುರಾಣಿಗೆ ವಿಷವಿಲ್ಲ, ಹೊಡೆಯಬೇಡಿ

ಮಾನ್ಯರೇ,

ಮನೆಯೊಳಗೆ ನುಗ್ಗಿದ ಹಾವುರಾಣಿಯನ್ನು ದೊಣ್ಣೆ ಹಿಡಿದು ಅಟ್ಟಾಡಿಸಿ ಕೊಲ್ಲುವುದು ಇನ್ನೂ ನಿಂತಿಲ್ಲ. ಕಚ್ಚಿದರೆ ಸಾವು, ನೆಕ್ಕಿದರೂ ಸಾವು ಎಂಬ ಹೆದರಿಕೆಯೇ ಇದಕ್ಕೆ ಕಾರಣ. ಅದಕ್ಕೆ ವಿಷಗ್ರಂಥಿಯೂ ಇಲ್ಲ, ವಿಷದ ಹಲ್ಲೂ ಇಲ್ಲ. ಹಿಡಿಯಲು ಹೋದರೆ ಕಚ್ಚೀತು. ಸೋಪು ಹಾಕಿ ತೊಳೆದುಕೊಂಡರೆ ಆಯಿತು.

ನಮ್ಮ ಹಿತ್ತಲುಗಳಲ್ಲಿ ಕಾಣುವ ದೊಡ್ಡ ಹಾವುರಾಣಿಯ ಶಾಸ್ತ್ರೀಯ ಹೆಸರು ಯುಟ್ರೋಪಿಸ್ ಕ್ಯಾರಿನೇಟ. ಬಾಲ ಸೇರಿ ಹೆಚ್ಚುಕಡಿಮೆ ಒಂದಡಿ ಉದ್ದ, ಕಂಚಿನ ಬಣ್ಣದ ನುಣುಪು ಬೆನ್ನು. ನುಣುಪೆಂಬುದು ದೂರದ ಮಾತು, ಹತ್ತಿರದಿಂದ ನೋಡಿದರೆ ಬೆನ್ನಿನ ಒಂದೊಂದು ಹುರುಪೆಯ ಮೇಲೂ ಮೂರೋ ಐದೋ ಸಣ್ಣ ಏಣುಗಳಿರುತ್ತವೆ. ಹಾವಿನ ಮರಿಯೇ ಎಂಬ ಅನುಮಾನ ಬಂದರೆ ಕಾಲು, ಕಿವಿಯ ತೂತು, ಮಿಟುಕುವ ರೆಪ್ಪೆ ಗಮನಿಸಿ. ಹಾವಿಗೆ ಈ ಮೂರೂ ಇಲ್ಲ. ಕೆಂಪು ಬಾಲದ ಪುಟ್ಟ ಮರಿ ರಿಯೋಪ ಪಂಕ್ಟೇಟ (ಹಿಂದಿನ ಹೆಸರು ಲೈಗೋಸೋಮ ಪಂಕ್ಟೇಟ) ಎಂಬ ಬೇರೆ ಜಾತಿಯದು, ಅದೂ ನಿರುಪದ್ರವಿ. ಇವುಗಳ ಊಟ ಮಿಡತೆ, ಜೀರುಂಡೆ, ಕಂಬಳಿಹುಳ.

ಹೊರಗೆ ಕಳಿಸಲು ಪೊರಕೆ ಬೇಡ. ಬೆನ್ನಟ್ಟಿದಷ್ಟೂ ಅದು ಬೀರುವಿನಡಿ ಸೇರುತ್ತದೆ. ಒಳಕೋಣೆಗಳ ಬಾಗಿಲು ಹಾಕಿ, ಹೊರಬಾಗಿಲು ತೆರೆದಿಟ್ಟು, ಸುಮ್ಮನೆ ದೂರ ಸರಿಯಿರಿ. ಅವಸರವಿದ್ದರೆ ಬಕೆಟ್ ಬೋರಲು ಹಾಕಿ, ಅಡಿಯಲ್ಲಿ ನಿಧಾನವಾಗಿ ರಟ್ಟು ತೂರಿಸಿ ಎತ್ತಿಕೊಂಡು ಹೋಗಿ. ಬಕೆಟ್ಟಿನ ಅಂಚಿಗೆ ಬಾಲ ಸಿಕ್ಕದಿರಲಿ. ಬಾಲದ ಮಣಿಮೂಳೆಗಳಲ್ಲೇ ಮುರಿದುಕೊಳ್ಳುವ ಸೀಳುಗೆರೆಗಳಿವೆ, ಒತ್ತಿದರೆ ಕಳಚಿಬಿಡುತ್ತದೆ. ಮತ್ತೆ ಬೆಳೆಯುತ್ತದೆ ನಿಜ, ಆದರೆ ಮೂಳೆಯ ಬದಲು ಮೃದ್ವಸ್ಥಿಯ ಸರಳಿನೊಂದಿಗೆ. ಬಾಲದಲ್ಲಿ ಕೂಡಿಟ್ಟಿದ್ದ ಕೊಬ್ಬೂ ಹೋಗುತ್ತದೆ.

ದೊಣ್ಣೆಗಿಂತ ಕ್ರೂರವಾದದ್ದು ಇಲಿಗೆಂದು ನೆಲದ ಮೇಲಿಡುವ ಅಂಟುಹಾಳೆ. ಅದಕ್ಕೆ ಸಿಕ್ಕಿಬಿದ್ದರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಸೀಮೆಎಣ್ಣೆಯಂತೂ ಬೇಡವೇ ಬೇಡ. ಹತ್ತಿಯಿಂದ ಅಡುಗೆ ಎಣ್ಣೆಯನ್ನು ಹೊಟ್ಟೆಯ ಅಂಚಿಗೆ, ಬೆರಳುಗಳ ಸಂದಿಗೆ ಹನಿಹನಿಯಾಗಿ ಬಿಡಿ, ಮೂಗಿನ ಹೊಳ್ಳೆಗೆ ತಾಗಿಸಬೇಡಿ. ಒಂದೊಂದೇ ಕಾಲು ಸಡಿಲವಾದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೆರಳಿಗೆ ಬಿಡಿ.

ಇನ್ನೊಂದು ವಿಷಯ. ಈ ಹಾವುರಾಣಿ ಸಡಿಲ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಪಾತಿ ಅಗೆಯುವಾಗ ಮೆತ್ತನೆ ಸಿಪ್ಪೆಯ ಬಿಳಿ ಮೊಟ್ಟೆಗಳು ಸಿಕ್ಕರೆ ಉರುಳಿಸದೆ, ಮೇಲಿದ್ದ ಮಗ್ಗುಲು ಮೇಲೇ ಇರುವಂತೆ ಹಸಿಮಣ್ಣು ಮುಚ್ಚಿ. ಒಳಗಿನ ಭ್ರೂಣ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸಾಯಬಹುದು. ಮುಚ್ಚಿದ ಜಾಗದಲ್ಲಿ ನೀರು ನಿಂತರೆ ಬೂಷ್ಟು ಹಿಡಿಯುತ್ತದೆ, ಒಣಗಿದರೆ ಮೊಟ್ಟೆ ಕುಗ್ಗಿಹೋಗುತ್ತದೆ.

— ಸರೀಸೃಪ ಆಸಕ್ತರು