ಭೂಕಂಪ ವಿಮೆ: ಮೊದಲು ಡಿಡಕ್ಟಿಬಲ್ ಓದಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಭೂಮಿ ನಡುಗಿದ ಮರುದಿನ ತೀವ್ರತೆ ಎಷ್ಟು, ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಆ ಮನೆಗಳನ್ನು ಮತ್ತೆ ಯಾರು, ಯಾವ ದುಡ್ಡಲ್ಲಿ ಕಟ್ಟಿಕೊಂಡರು ಅನ್ನೋದು ಎಲ್ಲೂ ಬರುವುದಿಲ್ಲ. ಮನೆಗೆ ಭೂಕಂಪ ವಿಮೆ ಬೇಕೋ ಬೇಡವೋ ಎಂದು ಎರಡು ವರ್ಷ ಮೀನಮೇಷ ಎಣಿಸಿದ ನನಗೆ ಬೇಕಾಗಿದ್ದದ್ದು ಅದೇ ಸುದ್ದಿ. ಅದಕ್ಕೇ ಈ ಪತ್ರ.

"ನಮ್ಮ ಕಡೆ ಭೂಕಂಪ ಆಗುತ್ತಾ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ. ಇದಕ್ಕೆ ದಿನಾಂಕ ಹಾಕಿ ಉತ್ತರ ಹೇಳುವವರು ಯಾರೂ ಇಲ್ಲ. 1985ರಲ್ಲಿ ಮೆಕ್ಸಿಕೊ ನಗರದಲ್ಲಿ ನೂರಾರು ಕಟ್ಟಡ ಕುಸಿದಾಗ ಕಂಪನದ ಕೇಂದ್ರ 300 ಕಿ.ಮೀ.ಗೂ ಜಾಸ್ತಿ ದೂರದಲ್ಲಿತ್ತು. ಹಿಂದೊಮ್ಮೆ ಕೆರೆಯಿದ್ದ ಜಾಗದ ಮೆತ್ತನೆ ಮಣ್ಣಿನ ಮೇಲೆ ನಗರ ನಿಂತಿದ್ದರಿಂದ ಅಲ್ಲಿ ನಡುಕ ಹೆಚ್ಚಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ 2010ರ ಸೆಪ್ಟೆಂಬರ್‌ನಲ್ಲಿ 7.1 ತೀವ್ರತೆಯ ಕಂಪನ ತಡೆದುಕೊಂಡಿತು. ಆದರೆ 2011ರ ಫೆಬ್ರವರಿಯಲ್ಲಿ 6.3 ತೀವ್ರತೆಯದು ಊರಿನ ಪಕ್ಕದಲ್ಲೇ, ಹೆಚ್ಚು ಆಳವಿಲ್ಲದೆ ಆದಾಗ 185 ಜನ ಸತ್ತರು. ಭೂಕಂಪ ವಲಯಗಳ ನಕ್ಷೆಯಲ್ಲಿ ತಮ್ಮ ಊರಿನ ಬಣ್ಣ ನೋಡಿ ಸಮಾಧಾನ ಮಾಡಿಕೊಳ್ಳುವವರು ತಮ್ಮ ಮನೆಯ ಕೆಳಗಿನ ಮಣ್ಣು ಎಂಥದ್ದು ಎಂದೂ ವಿಚಾರಿಸಬೇಕು.

ಕೊನೆಗೆ ನಾನು ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. ಮನೆ ಬಿದ್ದರೆ ಮತ್ತೆ ಕಟ್ಟುವಷ್ಟು ದುಡ್ಡು ನನ್ನ ಹತ್ತಿರ ಇದೆಯಾ? ಇಲ್ಲ. ಉಳಿತಾಯವೆಲ್ಲ ಆ ಗೋಡೆಗಳಲ್ಲೇ ಇದೆ, ಮೇಲೆ ಸಾಲ ಬೇರೆ. ಮನೆ ಹೋಯಿತು ಅಂತ ಸಾಲ ತಾನಾಗಿ ಹೋಗುವುದಿಲ್ಲ, ಅಲ್ವಾ? ಇರದ ಮನೆಗೆ ಕಂತು ಕಟ್ಟುತ್ತಾ, ಇರುವುದಕ್ಕೆ ಬಾಡಿಗೆಯನ್ನೂ ಕೊಡುವ ಸ್ಥಿತಿ ನೆನೆಸಿಕೊಂಡರೆ ನನಗೆ ಈಗಲೂ ಎದೆ ಧಸಕ್ ಅನ್ನುತ್ತದೆ. ಸಾಲವಿಲ್ಲದೆ, ಇನ್ನೊಂದು ಮನೆ ಕಟ್ಟುವಷ್ಟು ದುಡ್ಡು ಕೈಯಲ್ಲಿರುವವರಿಗೆ ವಿಮೆ ಬೇಡದೇ ಇರಬಹುದು. ಅಂಥವರು ನಮ್ಮಲ್ಲಿ ಎಷ್ಟು ಜನ?

"ಮನೆಗೆ ಹೇಗೂ ಇನ್ಶೂರೆನ್ಸ್ ಇದೆಯಲ್ಲ" ಎಂದು ಸುಮ್ನೆ ಕೂತವರೂ ಬಹಳ. ದಯವಿಟ್ಟು ಪಾಲಿಸಿ ತೆಗೆದು ಓದಿ. ಕೆಲವು ಕಡೆ ಭೂಕಂಪ ಅದರಲ್ಲೇ ಸೇರಿರುತ್ತದೆ, ಹಲವು ಕಡೆ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಮನೆ ವಿಮೆಗೆ ಭೂಕಂಪ ಸೇರುವುದೇ ಇಲ್ಲ, ಬೇರೆಯಾಗಿ ಕೊಳ್ಳಬೇಕು. ಜಪಾನಿನಲ್ಲಿ ಭೂಕಂಪದಿಂದ ಹೊತ್ತಿದ ಬೆಂಕಿಗೆ ಕೂಡ ಬೆಂಕಿ ವಿಮೆ ದುಡ್ಡು ಕೊಡುವುದಿಲ್ಲ, ಭೂಕಂಪ ವಿಮೆಯೇ ಬೇಕು.

ಇನ್ನು ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ಮೊದಲು ನಾವೇ ಹೊರಬೇಕಾದ ಪಾಲು. ನನಗೆ ಪಾಲಿಸಿ ತೋರಿಸಿದ ಏಜೆಂಟ್ ಇದರ ಬಗ್ಗೆ ಬಾಯೇ ಬಿಡಲಿಲ್ಲ, ಪ್ರೀಮಿಯಂ ಎಷ್ಟು ಕಡಿಮೆ ಎಂದಷ್ಟೇ ಹೇಳಿದರು. ಮನೆಯ ವಿಮಾ ಮೊತ್ತ 100 ಎಂದುಕೊಳ್ಳಿ, ಡಿಡಕ್ಟಿಬಲ್ ಶೇ 15. ಹಲವು ಭೂಕಂಪ ಪಾಲಿಸಿಗಳಲ್ಲಿ ಈ 15 ಲೆಕ್ಕವಾಗುವುದು ಆದ ನಷ್ಟದ ಮೇಲಲ್ಲ, ಪೂರ್ತಿ ವಿಮಾ ಮೊತ್ತದ ಮೇಲೆ. ಗೋಡೆ ಬಿರುಕು ಬಿಟ್ಟು 12ರಷ್ಟು ನಷ್ಟವಾದರೆ ಒಂದು ಪೈಸೆಯೂ ಬರುವುದಿಲ್ಲ. 60ರಷ್ಟು ನಷ್ಟವಾದರೆ 45 ಬರುತ್ತದೆ. ಅಂದರೆ ಇದು ಬಿರುಕು ಮುಚ್ಚಿಸಿಕೊಳ್ಳುವ ವಿಮೆ ಅಲ್ಲ, ಮನೆಯೇ ಹೋದಾಗ ಬೀದಿಗೆ ಬೀಳದಂತೆ ತಡೆಯುವ ವಿಮೆ. ಇಷ್ಟು ಅರ್ಥವಾದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು. ಶೇ 25 ಡಿಡಕ್ಟಿಬಲ್ ಇದ್ದರೆ ಪ್ರೀಮಿಯಂ ಕಡಿಮೆ, ನಿಜ, ಆದರೆ ಆ 25 ಎಲ್ಲಿಂದ ತರುತ್ತೀರಿ ಎಂದು ಈಗಲೇ ಯೋಚಿಸಿ.

ವಿಮಾ ಮೊತ್ತವನ್ನು ಮನೆ ಮಾರುವ ಬೆಲೆಗೆ ಇಡಬೇಡಿ, ಮತ್ತೆ ಕಟ್ಟುವ ಖರ್ಚಿಗೆ ಇಡಿ. ಜಾಗಕ್ಕೆ ಸೇರಿಸಿ ಪ್ರೀಮಿಯಂ ಕಟ್ಟಿದರೆ ದಂಡ. ಮರುಕಂಪನಗಳ ಷರತ್ತನ್ನೂ ನೋಡಿ: 72 ಅಥವಾ 168 ಗಂಟೆ ಎಂದು ಏನೋ ಒಂದು ಗಡುವು ಇರುತ್ತದೆ. ಅದು ಮುಗಿದ ಮೇಲೆ ಮತ್ತೆ ನಡುಗಿದರೆ ಅದನ್ನು ಹೊಸ ಭೂಕಂಪ ಎಂದು ಎಣಿಸಿ, ಡಿಡಕ್ಟಿಬಲ್ ಮತ್ತೊಮ್ಮೆ ಕಳೆಯುತ್ತಾರೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದು ಮನೆ ಹಳೆಯದಾಗಿದ್ದರೆ, ವಿಮೆಗಿಂತ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ ಎನ್ನುತ್ತೇನೆ. ಕೆಳಗೆ ಬರೀ ಪಾರ್ಕಿಂಗ್ ಬಿಟ್ಟು ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡವಾದರೆ ಖಂಡಿತ ತೋರಿಸಿ. ವಿಮೆ ದುಡ್ಡು ಕೊಡುತ್ತದೆ, ಒಳಗೆ ಮಲಗಿದ್ದವರನ್ನು ಉಳಿಸುವುದಿಲ್ಲ.

ಹಾಗಂತ ನಿರ್ಧಾರ ಮುಂದೂಡುವುದೂ ಬೇಡ. ದೊಡ್ಡ ಕಂಪನವಾದ ಕೂಡಲೇ ಆ ಪ್ರದೇಶದಲ್ಲಿ ಹೊಸ ಪಾಲಿಸಿ ಕೊಡುವುದನ್ನು ಕಂಪನಿಗಳು ಸ್ವಲ್ಪ ಕಾಲ ನಿಲ್ಲಿಸುವುದುಂಟು. 1994ರಲ್ಲಿ ನಾರ್ತ್‌ರಿಡ್ಜ್ ಭೂಕಂಪದ ನಷ್ಟ ನೋಡಿ ಕ್ಯಾಲಿಫೋರ್ನಿಯಾದ ಎಷ್ಟೋ ಕಂಪನಿಗಳು ಹೊಸ ಮನೆ ವಿಮೆ ಕೊಡುವುದರಿಂದಲೇ ಹಿಂದೆ ಸರಿದವು. ಭೂಕಂಪ ವಿಮೆಗೆಂದೇ 1996ರಲ್ಲಿ ಅಲ್ಲಿ ಬೇರೆ ಸಂಸ್ಥೆ ಕಟ್ಟಬೇಕಾಯಿತು.

ನಾನು ಲೆಕ್ಕ ಹಾಕಿ ಕೊನೆಗೆ ಪಾಲಿಸಿ ತೆಗೆದುಕೊಂಡೆ. ನಿಮ್ಮಲ್ಲಿ ಒಂದು ಕೋರಿಕೆ: ಮುಂದಿನ ಸಲ ಭೂಕಂಪದ ಸುದ್ದಿ ಹಾಕುವಾಗ ಪಕ್ಕದಲ್ಲೇ ಈ ಡಿಡಕ್ಟಿಬಲ್ ಲೆಕ್ಕಕ್ಕೂ ನಾಲ್ಕು ಸಾಲು ಜಾಗ ಕೊಡಿ. ಜನ ಇದರ ಬಗ್ಗೆ ಓದುವುದು ಆ ಒಂದು ದಿನ ಮಾತ್ರ.

ಇಂತಿ,
ನಿಮ್ಮ ಓದುಗ