ಮನೆಯಂಗಳದ ಹಳೆಯ ಮರಗಳ ಬಗ್ಗೆ ನಮ್ಮ ಪಂಚಾಯತು ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಕಾಸರಗೋಡು ಜಿಲ್ಲೆಯ ಈ ಗಡಿ ಗ್ರಾಮದಲ್ಲಿ ಹುಟ್ಟಿ, ಅಡಿಕೆ ತೋಟವನ್ನೇ ನಂಬಿ ಬದುಕುತ್ತಿರುವ, ನಿಮ್ಮ ಪಂಚಾಯತಿನ ಮತದಾರನಾದ ನಾನು ಈ ಅರಿಕೆಯನ್ನು ಕಚೇರಿಯಲ್ಲಿ ಕೊಟ್ಟು ರಶೀದಿ ಪಡೆಯುವ ಬದಲು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಮನೆಯ ಮಾಡಿನ ಮೇಲೆ ಗೆಲ್ಲು (ಕೊಂಬೆ) ಚಾಚಿ ನಿಂತ ಹಳೆಯ ಮಾವು, ಹಲಸು, ಹೆಬ್ಬಲಸು, ಹುಣಸೆ ಮರಗಳಿರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ವಿಷಯ ಇದು.

ಮುಂಗಾರಿಗೆ ಹತ್ತಿಪ್ಪತ್ತು ದಿನ ಇರುವಾಗ, ಅಪಾಯಕಾರಿ ಮರಗಳನ್ನು ತೆರವುಗೊಳಿಸಬೇಕು, ತಪ್ಪಿದರೆ ಆಗುವ ನಷ್ಟಕ್ಕೆ ಮಾಲೀಕರೇ ಹೊಣೆ ಎಂಬ ಸೂಚನೆ ಪ್ರತಿ ವರ್ಷ ಬರುತ್ತದೆ. ಇದರ ಹಿಂದಿನ ಕಾಳಜಿಯನ್ನು ನಾನು ಪ್ರಶ್ನಿಸುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲ ಬದಿಯಿಂದ ಹಾದುಹೋದ ರಾತ್ರಿಗಳಲ್ಲಿ, ಮನೆಯ ಮೇಲೆ ಮರ ಬೀಳಬಹುದೆಂದು ಎದ್ದು ಕುಳಿತವರಲ್ಲಿ ನಾನೂ ಒಬ್ಬ. ಮರಕ್ಕಿಂತ ಮನುಷ್ಯನ ಜೀವ ದೊಡ್ಡದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಅದರ ಮರುವರ್ಷ, 2022ರ ಮೇ ಕೊನೆಯಲ್ಲಿ, ನಮ್ಮ ಮನೆಗೂ ಅಂಥದೊಂದು ನೋಟೀಸು ಬಂತು. ದನದ ಹಟ್ಟಿಯ ಪಡುಬದಿಯಲ್ಲಿ ನನ್ನ ಅಜ್ಜನ ಕಾಲದಿಂದಲೂ ಇದ್ದ ಕಾಟುಮಾವಿನ (ಕಾಡುಮಾವಿನ) ಮರದ ಬಗ್ಗೆ ಬಂದ ನೋಟೀಸದು. ನೋಟೀಸು ಪೂರ್ತಿ ಮಲಯಾಳದಲ್ಲಿತ್ತು. ನಾನು ಊರಲ್ಲಿರಲಿಲ್ಲ. ಮನೆಯಲ್ಲಿದ್ದ ನನ್ನ ಅಮ್ಮನಿಗೆ ಮಲಯಾಳ ಲಿಪಿ ಬಾರದು. ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದಿ ಹೇಳಿದ. ಮರದ ‘ಶಿಖರಙ್ಙಳ್’ ಕಡಿಯಬೇಕು ಎಂದು ಅದರಲ್ಲಿ ಬರೆದಿತ್ತು. ಮಲಯಾಳದಲ್ಲಿ ಶಿಖರ ಎಂದರೆ ಮರದ ಗೆಲ್ಲು. ನಮ್ಮ ಭಾಷೆಯಲ್ಲಿ ಅದರ ಅರ್ಥವೇನೆಂದು ನಾನು ಹೇಳಬೇಕಾಗಿಲ್ಲ. ಗಡುವು ಏಳು ದಿನದ್ದು. ಸಿಕ್ಕಿದ ಕೆಲಸದವರನ್ನು ಕರೆಸಿದ ಅಮ್ಮ, ಸರಕಾರದ ಆದೇಶವೆಂದು ನಂಬಿ, ಮರದ ತಲೆಯನ್ನೇ ಕಡಿಸಿದರು. ಹಟ್ಟಿಯ ಕಡೆಗೆ ಬಾಗಿದ್ದ ಎರಡು ಗೆಲ್ಲುಗಳನ್ನು ತೆಗೆದಿದ್ದರೆ ಸಾಕಾಗುತ್ತಿತ್ತು.

ನಾನು ಊರಿಗೆ ಮರಳಿದಾಗ ಹದಿನೈದು ಅಡಿ ಎತ್ತರದ ಬೋಳು ಕಾಂಡವೊಂದು ನಿಂತಿತ್ತು. ಒಂದೇ ಮಳೆಗಾಲದಲ್ಲಿ ಕಡಿದ ಜಾಗದ ಸುತ್ತ ಹಿಡಿಸೂಡಿಯಂತೆ ಚಿಗುರು ಒತ್ತೊತ್ತಾಗಿ ಬಂದಾಗ, ಮರ ಬದುಕಿತಲ್ಲ ಎಂದು ಅಮ್ಮ ಸಮಾಧಾನಪಟ್ಟರು. ಎರಡು ವರ್ಷ ಕಳೆದು, 2024ರ ಜೂನ್‌ನ ಒಂದು ಬೆಳಗಿನ ಜಾವ, ತೋಳಿನಷ್ಟು ದಪ್ಪಕ್ಕೆ ಬೆಳೆದ ಅಂಥ ಗೆಲ್ಲೊಂದು ಸಿಗಿದು ಹಟ್ಟಿಯ ಹಂಚಿನ ಮೇಲೆ ಬಿತ್ತು. ದನಗಳು ಅತ್ತ ಬದಿಯಲ್ಲಿ ಕಟ್ಟಿದ್ದರಿಂದ ಉಳಿದವು. ಏಣಿ ಇಟ್ಟು ಹತ್ತಿ ನೋಡಿದೆ. ಕಡಿದ ಮುಖದಲ್ಲಿ ಬಟ್ಟಲಿನಂತೆ ಗುಳಿಬಿದ್ದು ಮಳೆನೀರು ನಿಂತಿತ್ತು. ಬೆರಳಿಟ್ಟು ಒತ್ತಿದರೆ ಮರ ನೆನೆದ ಅವಲಕ್ಕಿಯಂತೆ ಮೆತ್ತಗಾಗಿತ್ತು. ಸಿಗಿದುಬಿದ್ದ ಗೆಲ್ಲಿಗೆ ಹಿಡಿತವಿದ್ದದ್ದು ಮೇಲಿನ ತೊಗಟೆಯಲ್ಲಿ ಮಾತ್ರ. ಅಪಾಯವಿಲ್ಲದ ಮರವೊಂದನ್ನು ನಾವೇ ಅಪಾಯಕಾರಿ ಮಾಡಿದೆವು ಎಂಬುದು ಆ ಏಣಿಯ ಮೇಲೆ ನಿಂತಾಗ ನನಗೆ ಅರ್ಥವಾಯಿತು. ಮರದ ತಲೆ ಕಡಿಸಿದ ಆ ಬೇಸಗೆಯಿಂದೀಚೆಗೆ ನಮ್ಮಲ್ಲಿ ಕಾಟುಮಾವಿನ ಹಣ್ಣಿನ ಸಾಸಮೆ ಮಾಡಿಲ್ಲ.

ಆಗ ನೀವು ಅಧಿಕಾರದಲ್ಲಿರಲಿಲ್ಲ. ಆ ನೋಟೀಸು ಬರೆದವರಿಗೂ ಕೆಡುಕು ಮಾಡುವ ಉದ್ದೇಶವಿರಲಿಲ್ಲ. ಆದರೆ ನೋಟೀಸಿನ ನಮೂನೆಯಲ್ಲೂ, ಅದು ಬರುವ ಸಮಯದಲ್ಲೂ ತಪ್ಪಿದೆ, ಮತ್ತು ಇವೆರಡನ್ನೂ ಸರಿಪಡಿಸುವುದು ನಿಮ್ಮ ಕೈಯಲ್ಲಿದೆ.

1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 238ನೇ ವಿಧಿ ಅಪಾಯಕಾರಿ ಮರಗಳ ಬಗ್ಗೆ ಪಂಚಾಯತಿಗೆ ಅಧಿಕಾರ ಕೊಡುತ್ತದೆ. ಅದರಂತೆ ಮಾಲೀಕನಿಗೆ ಮರವನ್ನು ಭದ್ರಪಡಿಸಲು, ಗೆಲ್ಲು ಕಡಿಯಲು, ಇಲ್ಲವೇ ಮರವನ್ನೇ ಉರುಳಿಸಲು ಸೂಚಿಸಬಹುದು. ಕಾಯಿದೆಯಲ್ಲಿ ಮೂರು ದಾರಿಗಳಿದ್ದರೂ ನಮ್ಮ ಕೈಗೆ ಬರುವ ಕಾಗದದಲ್ಲಿ ಮೂರೂ ಸೇರಿ ಒಂದೇ ಆಗುತ್ತದೆ. ಯಾವ ಮರದ ಯಾವ ಗೆಲ್ಲು, ಎಷ್ಟು, ಯಾಕೆ ಎಂಬುದನ್ನು ನೋಟೀಸಿನಲ್ಲಿಯೇ ಬರೆಯಬೇಕು, ಮತ್ತು ಅದನ್ನು ಕನ್ನಡದಲ್ಲಿಯೂ ಬರೆಯಬೇಕು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ಪತ್ರವ್ಯವಹಾರ ನಡೆಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ರಾಜಭಾಷಾ ಕಾಯಿದೆ ಒಪ್ಪಿಕೊಂಡಿದೆ. ಭಾಷೆಯ ಹಕ್ಕಿನ ಮಾತು ಬಂದಾಗ ನಾವು ಶಾಲೆ, ಪರೀಕ್ಷೆ, ನೇಮಕಾತಿಗಳನ್ನು ನೆನೆಯುತ್ತೇವೆ. ಒಂದು ಮರದ ಸಾವು ಬದುಕು ಕೂಡ ಒಂದು ಪದದ ಮೇಲೆ ನಿಂತಿರುತ್ತದೆ ಎಂಬುದನ್ನು ನಾನು ಮನೆಯಲ್ಲಿಯೇ ಕಂಡಿದ್ದೇನೆ.

ಮರದ ಗಾಯ ನಮ್ಮ ಮೈಯ ಗಾಯದಂತೆ ಮಾಯುವುದಿಲ್ಲ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ತೋರಿಸಿಕೊಟ್ಟಂತೆ, ಕೊಳೆತ ಭಾಗವನ್ನು ಮರ ತನ್ನೊಳಗೇ ಗೋಡೆ ಕಟ್ಟಿ ಬೇರ್ಪಡಿಸಿ, ಅದರ ಸುತ್ತ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಒಂದು ಉಬ್ಬು ಇರುತ್ತದೆ. ಅದಕ್ಕೆ ತಾಗದಂತೆ, ಅದರ ಹೊರಮಗ್ಗುಲಲ್ಲೇ ಕೊಯ್ದರೆ ಗಾಯ ಸುತ್ತಲಿನಿಂದ ಮುಚ್ಚಿಕೊಳ್ಳುತ್ತಾ ಬರುತ್ತದೆ. ಕಾಂಡಕ್ಕೆ ಒರಸಿ ಕೊಯ್ದರೂ, ಒಂದು ಮೊಳ ಮೋಟು ಬಿಟ್ಟರೂ ಕೊಳೆ ಒಳಗಿಳಿಯುತ್ತದೆ. ದಪ್ಪ ಗೆಲ್ಲಾದರೆ ಮೊದಲು ಕಾಂಡದಿಂದ ಒಂದಡಿ ಆಚೆ ಅಡಿಯಿಂದ ಕಚ್ಚು ಹಾಕಿ, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಇಲ್ಲದಿದ್ದರೆ ಬೀಳುವ ಗೆಲ್ಲು ಬುಡದವರೆಗೆ ತೊಗಟೆ ಸುಲಿದುಕೊಂಡು ಹೋಗುತ್ತದೆ. ಡಾಂಬರು ಬಳಿಯುವುದು, ಪೊಟರೆಗೆ ಸಿಮೆಂಟು ತುಂಬುವುದು ಇವೆಲ್ಲ ನಾವು ಒಳ್ಳೆಯದೆಂದು ನಂಬಿ ಮಾಡುತ್ತಾ ಬಂದ, ಮರಕ್ಕೆ ಉಪಕಾರವಾಗದ ಕೆಲಸಗಳು.

ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುವುದಿಲ್ಲ. ಹಲಸಿನಕಾಯಿ ತಟ್ಟಿ ನೋಡುವಂತೆ ಮರದ ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಕೇಳಿದರೆ ಗಟ್ಟಿ ಭಾಗ ಎಷ್ಟಿದೆ ಎಂಬ ಅಂದಾಜು ಅನುಭವಿಗಳಿಗೆ ಸಿಗುತ್ತದೆ. ನಿಜವಾಗಿ ಹೆದರಬೇಕಾದ ಲಕ್ಷಣಗಳು ಹೆಚ್ಚಾಗಿ ಬುಡದಲ್ಲಿರುತ್ತವೆ. ಅಡಿಕೆಯ ಅಣಬೆ ರೋಗವನ್ನು ಬಲ್ಲ ನಮಗೆ, ಬುಡದಲ್ಲಿ ಹಲಗೆಯಂಥ ಅಣಬೆ ಮೂಡಿದರೆ ಒಳಗೆ ಕೊಳೆಯುತ್ತಿದೆ ಎಂದು ಕಲಿಸಬೇಕಾಗಿಲ್ಲ. ಗಾಳಿ ಬರುವ ಬದಿಯಲ್ಲಿ ಮಣ್ಣು ಬಿರಿದಿರುವುದು, ನೆಟ್ಟಗಿದ್ದ ಮರ ಈಚೆಗೆ ವಾಲಿರುವುದು ಇನ್ನೂ ದೊಡ್ಡ ಎಚ್ಚರಿಕೆಗಳು. ನಮ್ಮಲ್ಲಿ ಮಣ್ಣಿನ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ) ಇರುವುದರಿಂದ ಅನೇಕ ಕಡೆ ಬೇರು ಆಳಕ್ಕಿಂತ ಅಗಲಕ್ಕೇ ಹೋಗುತ್ತದೆ. ಮನೆಯ ಹಿಂದಿನ ಗುಡ್ಡದ ಬರೆಯನ್ನು ಜೆಸಿಬಿಯಲ್ಲಿ ಕಡಿದು, ಕಂಪೌಂಡಿನ ಅಡಿಪಾಯಕ್ಕೆ ಬೇರು ತುಂಡರಿಸಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ನಾಲ್ಕು ಮಳೆಗಾಲ ಕಳೆದು ಮರ ಬಿದ್ದಾಗ ನಾವು ಗಾಳಿಯನ್ನು ದೂರುತ್ತೇವೆ. ಮನೆ ಕಟ್ಟಲು ಪರವಾನಗಿ ಕೊಡುವಾಗಲೇ ಹಳೆಯ ಮರದ ಬುಡದಿಂದ ಎಷ್ಟು ದೂರ ಅಗೆಯಬಾರದು ಎಂದು ಬರೆದುಕೊಟ್ಟರೆ ಮುಂದಿನ ಎಷ್ಟೋ ನೋಟೀಸುಗಳು ಬೇಕಾಗುವುದಿಲ್ಲ. ಕಾಂಡದ ವ್ಯಾಸದ ಹನ್ನೆರಡು ಪಟ್ಟು ದೂರದವರೆಗಿನ ಬೇರನ್ನು ಉಳಿಸಬೇಕೆಂಬುದು ಮರ ನೋಡಿಕೊಳ್ಳುವವರ ಸಾಮಾನ್ಯ ಲೆಕ್ಕ.

ಇನ್ನು ಸಮಯ. ಮೇ ಕೊನೆಯಲ್ಲಿ ಕಡಿದ ಹಸಿ ಗಾಯದ ಮೇಲೆ ಜೂನ್‌ನಿಂದ ಮೂರು ತಿಂಗಳು ಬಿಡದೆ ಮಳೆ ಸುರಿಯುತ್ತದೆ. ಅಣಬೆಯ ಬೀಜಾಣುಗಳಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮೇಲಾಗಿ ಆ ವಾರದಲ್ಲಿ ಎಲ್ಲರಿಗೂ ಒಟ್ಟಿಗೇ ಕೆಲಸದವರು ಬೇಕಾಗುವುದರಿಂದ, ಮೆಷಿನ್ ಹಿಡಿಯಬಲ್ಲವನೆಲ್ಲ ಮರ ಬಲ್ಲವನಾಗುತ್ತಾನೆ. ತುಲಾವರ್ಷ (ಹಿಂಗಾರು ಮಳೆ) ಮುಗಿದು, ಗಾಳಿಯಲ್ಲಿ ತೇವ ಕಡಿಮೆಯಾಗುವ ಡಿಸೆಂಬರ್ ಜನವರಿಯಲ್ಲಿ ವಾರ್ಡುವಾರು ಮರಗಳನ್ನು ನೋಡಿಸಿ, ಫೆಬ್ರವರಿಯೊಳಗೆ ಕೆಲಸ ಮುಗಿಯುವಂತೆ ಗಡುವು ಕೊಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಈ ಹೊಣೆ ಒಪ್ಪಿಸಬಹುದು.

ಬಲ್ಲವರನ್ನು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ತೆಂಗಿನ ಮರ ಹತ್ತುವವರೇ ಇಲ್ಲವೆಂಬ ಸ್ಥಿತಿ ಬಂದಾಗ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಙಿನ್ ಚಙ್ಙಾತಿಕ್ಕೂಟ್ಟಂ’ (ತೆಂಗಿನ ಗೆಳೆಯರ ಕೂಟ) ತರಬೇತಿಯನ್ನು ಆರಂಭಿಸಿ, ಯಂತ್ರದ ಸಹಾಯದಿಂದ ಮರ ಹತ್ತುವುದನ್ನೂ ಸುಳಿ ನೋಡಿ ರೋಗ ಗುರುತಿಸುವುದನ್ನೂ ಕೇರಳದ ಯುವಕ ಯುವತಿಯರಿಗೆ ಕಲಿಸಿತು. ಅದೇ ರೀತಿ ಪ್ರತಿ ವಾರ್ಡಿನಿಂದ ಇಬ್ಬರಿಗೆ ಹಗ್ಗ, ಹೆಲ್ಮೆಟ್, ವಿಮೆ ಕೊಟ್ಟು ಒಂದು ವಾರ ಕಲಿಸಿದರೆ ಸಾಕು. ಕಾಸರಗೋಡಿನಲ್ಲೇ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು ಇದೆ. ಪಂಚಾಯತು ಕೇಳಿಕೊಂಡರೆ ಅಲ್ಲಿನ ವಿಜ್ಞಾನಿಗಳು ನೆರವಾಗುವರೆಂದು ನಾನು ನಂಬಿದ್ದೇನೆ.

ನಮ್ಮ ಅಂಗಳದ ಮೂಡುಬದಿಯಲ್ಲಿ ಈಗ ಉಳಿದಿರುವುದು ಒಂದು ಹೆಬ್ಬಲಸು. ಅದರ ಒಂದು ಗೆಲ್ಲು ಅಡುಗೆಮನೆಯ ಮಾಡಿನ ಮೇಲೆ ಬಂದಿದೆ, ಬುಡದಲ್ಲಿ ಅಣಬೆ ಇಲ್ಲ, ಮಣ್ಣು ಬಿರಿದಿಲ್ಲ. ಈ ಡಿಸೆಂಬರಿನಲ್ಲಿ ನಿಮ್ಮ ಸಮಿತಿಯವರು ಬಂದು ನೋಡಿ, ಯಾವ ಗೆಲ್ಲನ್ನು ಎಲ್ಲಿಗೆ ಕೊಯ್ಯಬೇಕೆಂದು ಸುಣ್ಣದಲ್ಲಿ ಗುರುತು ಹಾಕಿ, ಕನ್ನಡದಲ್ಲಿ ಬರೆದುಕೊಟ್ಟರೆ, ಅದರ ಖರ್ಚು ಪೂರ್ತಿ ನನ್ನದು. ಏಣಿ ಮನೆಯಲ್ಲಿದೆ.

ಇತಿ,
ತಮ್ಮ ವಿಶ್ವಾಸಿ,
ನಿಮ್ಮ ಪಂಚಾಯತಿನ ಒಬ್ಬ ಕೃಷಿಕ