ಅಳತೆ ಪುಸ್ತಕದಲ್ಲಿ 1881

ಮೊನ್ನೆ ರಿಸಲ್ಟ್ ಬಂತು. ನಲವತ್ತೆರಡನೇ ವಯಸ್ಸಿಗೆ ಬಿ.ಎ. ಮೊದಲ ವರ್ಷ ಪಾಸಾದೆ. ಹೇಳಿಕೊಳ್ಳುವಂಥ ನಂಬರೇನಲ್ಲ, ಆದರೆ ಒಂದು ಸಬ್ಜೆಕ್ಟೂ ಉಳಿದಿಲ್ಲ.

"ಓದು, ಒಳ್ಳೇದಾಗಲಿ" ಎಂದವರು ಬಹಳ ಮಂದಿ. ಅವರಿಗೆಲ್ಲ ನಮಸ್ಕಾರ. ಆದರೆ ನನಗೆ ಕಷ್ಟವಾಗಿದ್ದದ್ದು ಹೊತ್ತಿನದು. ಹೊತ್ತು ಮಾಡಿಕೊಟ್ಟವರನ್ನು ನೆನೆಯೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಪಿಯುಸಿ ಮುಗಿಸಿ 2001ರಲ್ಲಿ ಮದುವೆಯಾಗಿ ಪಾಂಡವಪುರದ ಕಡೆ ಬಂದವಳು ನಾನು. ಆಮೇಲೆ ಹೊಲಿಗೆ ಮಿಷನ್ನು, ಮಕ್ಕಳು, ಕಬ್ಬಿನ ಗದ್ದೆ. ಹೋದ ವರ್ಷ ಬ್ಲೌಸ್ ಹೊಲಿಸಲು ಬಂದ ಟೀಚರಮ್ಮ ಒಬ್ಬರು ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಮಾತೆತ್ತಿದರು. ಅದು ಶುರುವಾದದ್ದು 1996ರಲ್ಲಿ, ಅದಕ್ಕೂ ಮೊದಲು, 1969ರಿಂದಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಶಿಕ್ಷಣ ಇತ್ತು ಅಂದರು. ಬಸ್ಸಿನಲ್ಲಿ ಗಂಟೆ ಹೊತ್ತಿನ ದಾರಿ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ! ಗೌರಿ ಹಬ್ಬ ಕಳೆದ ಮೇಲೆ ಅದರ ಕ್ಯಾಂಪಸ್ಸು ಮುಕ್ತಗಂಗೋತ್ರಿಗೆ ಹೋಗಿ ಸೇರಿದೆ. ಅದಕ್ಕೆ ಮೊದಲು ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್ಲು, ಆಧಾರ್‌ನಲ್ಲಿ ಇನ್ನೊಂದು ಅಂತ ಒಂದು ಕಚೇರಿಗೆ ಮೂರು ಸಲ ಅಲೆದದ್ದುಂಟು. ಹೋಗಲಿ ಬಿಡಿ, ಇವತ್ತು ಅದು ಬೇಡ.

ಮೊದಲ ನಮಸ್ಕಾರ ಅತ್ತೆಗೆ. ಅವರು ಸ್ಕೂಲು ಕಂಡವರಲ್ಲ. ಪರೀಕ್ಷೆ ಹತ್ತಿರವಾದಾಗ, "ಸಂಜೆ ಹಿಟ್ಟು ನಾ ತೊಳಸ್ತೀನಿ ಕಣವ್ವ, ನೀ ಪುಸ್ತಕ ಹಿಡ್ಕೊ ಹೋಗು" ಅಂದರು. ಮಂಡಿನೋವಿನ ಮುದುಕಿ ಒಲೆ ಮುಂದೆ ನಿಂತು ತೊಳಸುವಾಗ ಕೋಲು ಪಾತ್ರೆಗೆ ಬಡಿಯುವ ಸದ್ದು ಒಳಕೋಣೆಗೆ ಕೇಳೋದು. ಆ ಸದ್ದು ಕೇಳುತ್ತಾ ತೂಕಡಿಸೋಕೆ ಯಾರಿಗಾದರೂ ಮನಸ್ಸು ಬರುತ್ತಾ?

ಎದುರು ಮನೆಯವಳು ದಸರಾ ಸೀಸನ್ನಿನ ಫಾಲು, ಕುಚ್ಚು ಎಲ್ಲ ತಾನೇ ವಹಿಸಿಕೊಂಡಳು. ದುಡ್ಡು ಕೊಟ್ಟೆ, ಆದರೆ ರಾತ್ರಿ ಹನ್ನೊಂದರವರೆಗೆ ಕೂತದ್ದಕ್ಕೆ ದುಡ್ಡು ಲೆಕ್ಕವಲ್ಲ. ಅಸೈನ್‌ಮೆಂಟ್ ಹೇಗೆ ಬರೆಯಬೇಕು ಅಂತ ಮಗಳು ಹೇಳಿಕೊಟ್ಟಳು, ಸಾಕಷ್ಟು ಗದರಿಸಿಕೊಂಡೇ. ನಮ್ಮೆಜಮಾನ್ರು ಏನೂ ಅನ್ನಲಿಲ್ಲ. ಅವರ ಮಟ್ಟಿಗೆ ಅದೇ ದೊಡ್ಡದು.

ಗಿರಾಕಿಗಳಿಗೂ ಥ್ಯಾಂಕ್ಸ್ ಹೇಳಲೇಬೇಕು. ಇಸವಿಗಳು ಮರೆತುಹೋಗುತ್ತವೆಂದು ಅಳತೆ ಪುಸ್ತಕದಲ್ಲೇ ಬರೆದಿಡುತ್ತಿದ್ದೆ. ಎದೆ 36, ತೋಳು 9, ಅದರ ಕೆಳಗೆ 1831, ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡದ್ದು. ಅದರ ಕೆಳಗೆ 1881, ಒಡೆಯರಿಗೆ ವಾಪಸ್ಸು ಕೊಟ್ಟದ್ದು. ಒಬ್ಬರು ಬಗ್ಗಿ ನೋಡಿ, "ಏನಕ್ಕಾ, ಇದ್ಯಾರ ಸೊಂಟ?" ಅಂದರು. ಅವತ್ತಿನಿಂದ 1881 ಮರೆತಿಲ್ಲ. ನಮ್ಮ ಗದ್ದೆಗೆ ನೀರು ತರುವ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ಮೊದಲು ಇರ್ವಿನ್ ನಾಲೆ ಅಂತ ಹೆಸರಿತ್ತು ಅನ್ನುವುದನ್ನೂ ಓದಿಯೇ ತಿಳಿದೆ. ಇಪ್ಪತ್ತು ವರ್ಷ ಅದೇ ನೀರಲ್ಲಿ ಬಟ್ಟೆ ಒಗೆದಿದ್ದೇನೆ!

ಬಸ್ಸನ್ನೂ ಬಿಡುವ ಹಾಗಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಕಂಡಕ್ಟರ್ ಹರಿದು ಕೊಡುವ ಸೊನ್ನೆ ರೂಪಾಯಿ ಚೀಟಿಗಳೇ ಯೂನಿವರ್ಸಿಟಿಯವರು ಕೊಟ್ಟ ನನ್ನ ಸಿದ್ಧಪಾಠದ ಪುಸ್ತಕಗಳಲ್ಲಿ ಪುಟದ ಗುರುತು. ಮೈಸೂರಿಗೆ ಹೋಗಿಬರಲು ಮನೆಯಲ್ಲಿ ಕೈಯೊಡ್ಡಬೇಕಾಗಿದ್ದರೆ ಎರಡನೇ ತಿಂಗಳಿಗೇ ನಿಂತುಬಿಡುತ್ತಿದ್ದೆನೇನೋ.

ಹೋದ ಆಯುಧಪೂಜೆಗೆ ಅತ್ತೆ ಮಿಷನ್ನಿಗೆ, ಕತ್ತರಿಗೆ ಕುಂಕುಮ ಇಟ್ಟು, "ಅದನ್ನೂ ತಾ" ಅಂದರು. ನನ್ನ ಚರಿತ್ರೆ ಪುಸ್ತಕದ ರಟ್ಟಿನ ಮೇಲೆ ಆ ಬೊಟ್ಟು ಇನ್ನೂ ಇದೆ.

ಎರಡನೇ ವರ್ಷಕ್ಕೆ ಫೀಸು ಕಟ್ಟಿದ್ದೇನೆ. ಈ ದಸರಾಕ್ಕೆ ಬ್ಲೌಸ್ ಕೊಡುವವರು ದಯವಿಟ್ಟು ಒಂದು ವಾರ ಮುಂಚೆ ಕೊಡಿ. ತರಗತಿ ಇದ್ದ ದಿನ ಅಂಗಡಿ ಮುಚ್ಚಿರುತ್ತದೆ, ಬೀಗದ ಕೈ ಎದುರು ಮನೆಯಲ್ಲಿರುತ್ತದೆ.